ಕುರಿಯ ಉಸಿರು ಮೂಸುತ್ತಿದ್ದವರು

ಮೇಡಂ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ನಮ್ಮ ಲ್ಯಾಬಿನ ವಾಟ್ಸಾಪ್ ಗುಂಪಿನಲ್ಲಿ, ಯಾರದೋ ಮಗುವಿನ ಹುಟ್ಟುಹಬ್ಬದ ಕೇಕಿನ ಫೋಟೋದ ಕೆಳಗೆ. ಕೇಕಿಗೆ ಬಿದ್ದ ಹಾರೈಕೆಗಳ ನಡುವೆ ನಾಲ್ಕೈದು ಕೈಮುಗಿದ ಚಿತ್ರಗಳು ಬಂದವು, ಆಮೇಲೆ ಕೇಕಿನ ಮಾತು ಮುಂದುವರಿಯಿತು. ನಾನು ಅರ್ಧ ದಿನ ರಜೆ ಹಾಕಿ ಅವರ ಮನೆಯಿದ್ದ ಜೆಪ್ಪುವಿಗೆ ಹೋದೆ. ಇಗರ್ಜಿಯಲ್ಲಿ ಮುಂದಿನ ಎರಡು ಬೆಂಚು ತುಂಬುವಷ್ಟು ಜನ ಇದ್ದರು. ಪಾದ್ರಿಗಳು ಹೊಸಬರು, ಅವರಿಗೆ ಮೇಡಂ ಪರಿಚಯ ಕಡಿಮೆ ಎಂದು ಕಾಣುತ್ತದೆ. ಇಡೀ ಜೀವನವನ್ನು ಮೂಕಪ್ರಾಣಿಗಳ ಸೇವೆಗೆ ಮುಡಿಪಾಗಿಟ್ಟವರು ಎಂದು ಹೇಳಿ ಮುಗಿಸಿದರು. ನನಗೆ ಸಿಟ್ಟು ಬಂತು. ಮೇಡಂ ಎದ್ದು ಕೂರುವ ಹಾಗಿದ್ದರೆ ಅಲ್ಲಿಯೇ ತಿದ್ದುತ್ತಿದ್ದರು. "ಕುರಿ ಮೂಕ ಅಲ್ಲ ಫಾದರ್, ನಿಮಗೆ ಕೇಳೂದಿಲ್ಲ ಅಷ್ಟೆ" ಎನ್ನುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸನ್ಮಾನ, ಫೋಟೋ, ಅಚ್ಚಿನಲ್ಲಿ ಹೆಸರು ಎಂದರೆ ಮುಖ ಸಿಂಡರಿಸುತ್ತಿದ್ದ ಹೆಂಗಸು ಅವರು. ಜಾನುವಾರುಗಳ ರಕ್ತ, ಸೆಗಣಿ, ಹಾಲು ಪರೀಕ್ಷಿಸುವ ನಮ್ಮ ಲ್ಯಾಬಿನಲ್ಲಿ ಅವರು ಡಾಕ್ಟ್ರು, ನಾನು ಟೆಕ್ನಿಶಿಯನ್. ಹದಿನೇಳು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದ್ದೇವೆ. ಅಷ್ಟು ವರ್ಷಗಳಲ್ಲಿ ಅವರಿಗೆ ನಾನು ಹೇಳಿದ್ದು ಒಂದೇ ಒಂದು ಸುಳ್ಳು. ಅವರ ಮರ್ಯಾದೆ ಉಳಿಸಲಿಕ್ಕೆ ಹೇಳುತ್ತಿದ್ದೇನೆ ಎಂದು ಆಗ ಅನಿಸಿತ್ತು. ಅದನ್ನು ಹಿಂದೆ ತೆಗೆದುಕೊಳ್ಳಲು ನನಗೆ ನಾಲ್ಕು ವರ್ಷ ಬೇಕಾಯಿತು. ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಅದರ ಸಲುವಾಗಿ.

ಮಂಗಳೂರಿನಲ್ಲಿ ಕುರಿಯ ಡಾಕ್ಟ್ರಿಗೆ ಎಂತ ಕೆಲಸ ಎಂದು ನೀವು ಕೇಳಬಹುದು. ಎಲ್ಲರೂ ಕೇಳುತ್ತಿದ್ದರು. ನಮ್ಮ ಹವೆಗೂ ಕುರಿಗೂ ಆಗಿಬರುವುದಿಲ್ಲ. ಇಲ್ಲಿ ದನ, ಆಡು, ಕೋಳಿ, ಹಂದಿ. ಕುರಿ ಬರುವುದು ಘಟ್ಟದ ಮೇಲಿನಿಂದ ಲಾರಿಯಲ್ಲಿ, ಹೋಗುವುದು ಬಿರಿಯಾನಿಗೆ. ಆದರೆ ಮೇಡಂ ಕೆಲಸದ ಮೊದಲ ವರ್ಷಗಳನ್ನು ಬಯಲುಸೀಮೆಯ ದೊಡ್ಡ ಹಿಂಡುಗಳ ನಡುವೆ ಕಳೆದವರು. ಗಬ್ಬವಾದ ಕುರಿಯ ದೇಹ ತಾನು ತಿಂದದ್ದನ್ನು ಹೇಗೆ ಬೇರೆ ರೀತಿಯಲ್ಲಿ ಬಳಸಲು ತೊಡಗುತ್ತದೆ ಎಂಬುದರ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದವರು. ಆಮೇಲೆ ತಾಯಿ ಹಾಸಿಗೆ ಹಿಡಿದರು. ಅಕ್ಕ ಮಸ್ಕತ್ತಿನಲ್ಲಿ ನರ್ಸು, ಮನೆಯಲ್ಲಿ ನೋಡಿಕೊಳ್ಳಲು ಬೇರೆ ಜನ ಇಲ್ಲ. ವರ್ಗ ಕೇಳಿ ಪಡೆದು ಊರಿಗೆ ಬಂದರು. "ಕುರಿಯ ಊರು ಬಿಟ್ಟು ಮೀನಿನ ಊರಿಗೆ ಬಂದೆ" ಎಂದು ನಗುತ್ತಿದ್ದರು. ತಾಯಿ ಆರು ವರ್ಷ ಮಲಗಿದ್ದು ತೀರಿಕೊಂಡಾಗ ಮೇಡಂಗೆ ನಲವತ್ತೆರಡು. ಅವರ ಮದುವೆಯ ಮಾತನ್ನು ಅಷ್ಟರೊಳಗೆ ಎಲ್ಲರೂ ಮರೆತಿದ್ದರು. ಅವರೂ ಯಾರಿಗೂ ಜ್ಞಾಪಿಸಲಿಲ್ಲ.

ಕುರಿ ಕಂಡರೆ ಅವರಿಗೆ ಬೇರೆ ಲೋಕ ಇಲ್ಲ. ಒಮ್ಮೆ ಇಬ್ಬರೂ ಆಫೀಸಿನ ಜೀಪಿನಲ್ಲಿ ನಂತೂರಿನ ಜಂಕ್ಷನ್ನಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆವು. ಮುಂದೆ, ಹಿಂದೆ, ಪಕ್ಕದಲ್ಲಿ ಲಾರಿ, ಬಸ್ಸು. ಪಕ್ಕದ ಲಾರಿಯ ತುಂಬ ಕುರಿಗಳು. ನಾನು ನೋಡುವಷ್ಟರಲ್ಲಿ ಮೇಡಂ ಕೆಳಗಿಳಿದು ಆ ಲಾರಿಯ ಹಲಗೆಗೆ ಮುಖ ಇಟ್ಟಾಗಿತ್ತು.

"ಅಣ್ಣಾ, ಆ ಮೂಲೆಯಲ್ಲಿ ಉಂಟಲ್ಲ ಕಪ್ಪು ಮುಖದ್ದು, ಅದು ಗಬ್ಬ. ತುಂಬು ಗಬ್ಬ. ಅದನ್ನು ಎಂತಕ್ಕೆ ತಂದ್ರಿ?" ಎಂದು ಡ್ರೈವರನ್ನು ಕೇಳಿದರು.

ಬಯಲುಸೀಮೆಯ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಅಕ್ಕಾರ, ಗಬ್ಬ ಐತೋ ಇಲ್ಲೋ ನನಗೇನ್ ಗೊತ್ತರೀ. ನಾ ಗಾಡಿ ಹೊಡ್ಯಾಂವ. ಮುಂದ ದಾರಿ ಬಿಟ್ಟೈತಿ, ಸರೀರಿ."

"ಎಷ್ಟು ಹೊತ್ತಾಯ್ತು ಮೇವು ಹಾಕಿ?"

"ಅಕ್ಕಾರ, ಹಿಂದ ಬಸ್ಸಿನಾಂವ ಬೈಯಾಕತ್ತಾನ!"

ಬಸ್ಸಿನವನು ಮಾತ್ರ ಅಲ್ಲ, ಆ ಜಂಕ್ಷನ್ನಿನ ಅಷ್ಟೂ ಹಾರ್ನುಗಳು ಬೈಯುತ್ತಿದ್ದವು. ಮೇಡಂ ಜೀಪಿಗೆ ಹತ್ತಿ ಕೂತರು. ಲಾರಿ ಮರೆಯಾಗುವವರೆಗೆ ನೋಡಿದರು. "ಒಂದು ದಿನ ಉಪವಾಸ ಸಾಕು ಅದಕ್ಕೆ, ಬೀಳ್ಲಿಕ್ಕೆ" ಎಂದರು.

ಒಂದು ದಿನ ಉಪವಾಸ ಸಾಕು ಎಂದರೆ ಏನೆಂದು ನನಗೆ ಗೊತ್ತಿತ್ತು, ಏಕೆಂದರೆ ಲ್ಯಾಬಿಗೆ ಸೇರಿದ ಮೊದಲ ವರ್ಷವೇ ಅವರು ಅದನ್ನು ಕಲಿಸಿದ್ದರು. ಯಾರೋ ಹಬ್ಬಕ್ಕೆಂದು ತಂದ ಕುರಿ ಗಬ್ಬ ಎಂದು ಗೊತ್ತಾಗಿ, ಮನಸ್ಸು ಬಾರದೆ ಸಾಕಿಕೊಂಡಿದ್ದರು. ಅದು ಮೇವು ಬಿಟ್ಟಿತು ಎಂದು ಆಟೋರಿಕ್ಷಾದಲ್ಲಿ ಕೂರಿಸಿಕೊಂಡು ನಮ್ಮಲ್ಲಿಗೆ ತಂದರು. ಮೇಡಂ ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂತು "ಕಿತೆಂ ಜಾಲೆಂ ಬಾಯೆ?", ಏನಾಯ್ತಮ್ಮ ನಿನಗೆ, ಎಂದು ಅದನ್ನು ಕೊಂಕಣಿಯಲ್ಲಿ ವಿಚಾರಿಸಿದರು. ಕುರಿಯೊಂದಿಗೆ ಅವರದು ಯಾವಾಗಲೂ ಕೊಂಕಣಿಯೇ. ಅದರ ಬಾಯಿಯ ಹತ್ತಿರ ಮೂಗು ಒಯ್ದು, ಕಣ್ಣು ಮುಚ್ಚಿ, ಉಸಿರು ಎಳೆದರು. ಆಮೇಲೆ ನನ್ನ ಕಡೆ ತಿರುಗಿ "ಈಗ ನೀನು" ಎಂದರು.

ನಾನು ಬ್ರಾಹ್ಮಣರ ಮನೆಯವಳಲ್ಲ, ಮಡಿ ಮೈಲಿಗೆ ಇಲ್ಲ. ಆದರೂ ಕುರಿಯ ಬಾಯಿ ಮೂಸುವುದು ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಹೇಗೋ ಬಗ್ಗಿದೆ. ಹುಲ್ಲಿನ ವಾಸನೆ, ಉಣ್ಣೆಯ ವಾಸನೆ, ಅವುಗಳ ಹಿಂದೆ ಇನ್ನೊಂದು.

"ನೇಲ್ ಪಾಲಿಶ್ ತೆಗೀಲಿಕ್ಕೆ ಒಂದು ನೀರುಂಟಲ್ಲ ಮೇಡಂ, ಅದರ ಹಾಗೆ" ಎಂದೆ.

ಅವರ ಮುಖ ಅರಳಿತು. "ಬಂತಾ ನಿನಗೆ? ತುಂಬ ಜನರಿಗೆ ಇದು ಗೊತ್ತೇ ಆಗೂದಿಲ್ಲ ಮಾರಾಯ್ತಿ. ಮೂಗು ಇರ್ತದೆ, ಈ ಒಂದು ವಾಸನೆ ಬರೂದಿಲ್ಲ. ನಿನಗೆ ಬರ್ತದೆ." ಅಂದಿನಿಂದ ಅವರ ಕಣ್ಣಿನಲ್ಲಿ ನಾನು ಮನುಷ್ಯಳಾದೆ. ಯಾರಾದರೂ ಬಂದರೆ ನನ್ನ ಹೆಸರು ಹೇಳುವ ಮೊದಲು "ಇವಳಿಗೆ ಮೂಗುಂಟು" ಎಂದು ಪರಿಚಯಿಸುತ್ತಿದ್ದರು. ಬಂದವರು ನನ್ನ ಮೂಗು ನೋಡುತ್ತಿದ್ದರು, ಅದು ಸ್ವಲ್ಪ ಚಪ್ಪಟೆ.

ಅವರು ವಿವರಿಸುತ್ತಿದ್ದ ರೀತಿಯನ್ನು ಬರೆಯದಿದ್ದರೆ ಅವರ ಚಿತ್ರ ಅರ್ಧವಾಗುತ್ತದೆ. ಕುರಿಗೆ ಅದು ತಿಂದ ಮೇವಿನಿಂದ ಸಕ್ಕರೆ ನೇರವಾಗಿ ಸಿಗುವುದಿಲ್ಲ. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಅದನ್ನೆಲ್ಲ ಹುಳಿ ಬರಿಸಿ ಬೇರೆ ಮಾಡಿಬಿಡುತ್ತವೆ. ಅದರಿಂದ ಲಿವರ್ ಕೂತು ಸಕ್ಕರೆಯನ್ನು ಹೊಸದಾಗಿ ತಯಾರಿಸಬೇಕು. "ಪಾಪದ ಲಿವರ್, ದಿನಾ ಅದಕ್ಕೆ ಡ್ಯೂಟಿ" ಎನ್ನುತ್ತಿದ್ದರು. ಗಬ್ಬದ ಕೊನೆಯ ಆರು ವಾರ ಮರಿ ಒಮ್ಮೆಲೇ ಬೆಳೆಯುತ್ತದೆ, ಅದಕ್ಕೆ ಬೇಕಾದ್ದು ಸಕ್ಕರೆಯೇ. ಆಗ ತಾಯಿಯ ದೇಹ ತನ್ನ ಸ್ನಾಯುಗಳಿಗೆ ಹೇಳುತ್ತದೆ, ಸಕ್ಕರೆ ಮುಟ್ಟಬೇಡಿ, ಅದು ಒಳಗಿನವರಿಗೆ, ನೀವು ಕೊಬ್ಬು ಕರಗಿಸಿ ತಿನ್ನಿ. ಸ್ನಾಯುಗಳು ಕೇಳುತ್ತವೆ. ಅದು ರೋಗವಲ್ಲ, ಎಲ್ಲ ತಾಯಂದಿರ ದೇಹವೂ ಮಾಡುವ ಏರ್ಪಾಟು. ತೊಂದರೆ ಬರುವುದು ಹೊಟ್ಟೆಯಲ್ಲಿ ಎರಡು ಮರಿ ಇದ್ದಾಗ, ಇಲ್ಲವೆ ಮೇವು ತಪ್ಪಿದಾಗ. ಮರಿಗಳು ಜಾಗ ಹಿಡಿದು ಹೊಟ್ಟೆಯನ್ನು ಒತ್ತುತ್ತವೆ, ಹೆಚ್ಚು ತಿನ್ನಬೇಕಾದ ದಿನಗಳಲ್ಲಿಯೇ ಕುರಿಗೆ ಹೆಚ್ಚು ತಿನ್ನಲಾಗುವುದಿಲ್ಲ. ಕೊಬ್ಬು ರಾಶಿ ರಾಶಿ ಕರಗಿ ಲಿವರಿಗೆ ಬಂದು ಬೀಳುತ್ತದೆ. ಲಿವರ್ ಕೈಚೆಲ್ಲುತ್ತದೆ. ಅರ್ಧ ಬೆಂದ ಆ ಕೊಬ್ಬೇ ಕೀಟೋನ್ ಆಗಿ ರಕ್ತಕ್ಕೆ ಇಳಿದು, ಉಸಿರಿನಲ್ಲಿ ಆ ವಾಸನೆಯಾಗಿ ಹೊರಗೆ ಬರುತ್ತದೆ. "ಮರಿಗಳಿಗೆ ಗೊತ್ತಾಗೂದಿಲ್ಲ ಅಮ್ಮ ಉಪವಾಸ ಅಂತ. ಅವು ಕೇಳ್ತಾ ಇರ್ತವೆ, ಇವಳು ಕೊಡ್ತಾ ಇರ್ತಾಳೆ" ಎನ್ನುವಾಗ ಅವರ ದನಿ ಸಣ್ಣದಾಗುತ್ತಿತ್ತು.

ಇಂಥ ಕುರಿಯನ್ನು ದೂರದಿಂದಲೇ ಗುರುತಿಸಬಹುದಂತೆ. ಹಿಂಡೆಲ್ಲ ಮೇವಿಗೆ ಓಡುವಾಗ ಅದು ಬೇರೆಯಾಗಿ ನಿಂತಿರುತ್ತದೆ, ಎಲ್ಲಿಗೋ ನೋಡುತ್ತಿರುತ್ತದೆ, ಕರೆದರೆ ತಿರುಗುವುದಿಲ್ಲ. ಮೇಡಂ ಬದುಕಿಗೆ ಇದನ್ನು ಹೊಂದಿಸಿ ಬರೆಯುವುದು ಬಹಳ ಸುಲಭ. ಅವರಿಗೆ ಅಂಥ ಹೋಲಿಕೆಗಳು ಒಂದಿಷ್ಟೂ ಆಗುತ್ತಿರಲಿಲ್ಲ. ಆಫೀಸಿನ ಒಬ್ಬರು ಭಾಷಣದಲ್ಲಿ ತಾಯ್ತನ, ತ್ಯಾಗ ಎಂದು ಕುರಿಯನ್ನು ಎಳೆದು ತಂದಾಗ, "ಅದಕ್ಕೆ ತ್ಯಾಗ ಗೊತ್ತಿಲ್ಲ, ಹಿಂಡಿ ಹಾಕಿ" ಎಂದು ಕೂತಲ್ಲಿಂದಲೇ ಹೇಳಿದ್ದರು.

ಈ ಪಾಠ ನನ್ನ ಮೈಮೇಲೆಯೇ ನಡೆಯಿತು. ನಾನು ಬಸುರಿಯಾದಾಗ ಗಂಡ ದುಬೈಯಲ್ಲಿದ್ದರು. ಮಣ್ಣಗುಡ್ಡದ ಮನೆಯಲ್ಲಿ ನಾನು, ಅತ್ತೆ. ಏಳನೇ ತಿಂಗಳಿನ ನಂತರ ಬೆಳಿಗ್ಗೆ ಎದೆಯುರಿ ತಡೆಯಲಾಗದೆ ಏನೂ ತಿನ್ನದೆ ಬಸ್ಸು ಹತ್ತುತ್ತಿದ್ದೆ. ಅತ್ತೆಗೆ ಕ್ಯಾಂಟೀನಿನಲ್ಲಿ ತಿನ್ನುತ್ತೇನೆ ಎನ್ನುತ್ತಿದ್ದೆ, ಕ್ಯಾಂಟೀನಿನ ಎಣ್ಣೆ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಒಂದು ದಿನ ಮೇಡಂ ನನ್ನ ಮೇಜಿನ ಹತ್ತಿರ ರಿಪೋರ್ಟ್ ತೆಗೆದುಕೊಳ್ಳಲು ಬಗ್ಗಿದವರು ಹಾಗೆಯೇ ನಿಂತರು.

"ಬಾಯಿ ತೆರೆ" ಎಂದರು.

"ಎಂತ ಮೇಡಂ?"

"ತೆರೆ ಮಾರಾಯ್ತಿ. ಉಸಿರು ಬಿಡು."

ಉಸಿರು ಬಿಟ್ಟೆ. ಮರು ನಿಮಿಷ ಕೈಗೆ ಒಂದು ಕಪ್ಪು ಕೊಟ್ಟು ಬಾತ್‌ರೂಮಿಗೆ ಕಳಿಸಿದರು. ಕುರಿ, ದನಗಳ ಮೂತ್ರ ನೋಡುವ ಸ್ಟ್ರಿಪ್ ಅದ್ದಿದರೆ ಅದು ನೇರಳೆ ಬಣ್ಣಕ್ಕೆ ತಿರುಗಿತು. ನಾನು ಹೆದರಿ ಅಳಲು ಸುರು ಮಾಡಿದೆ. "ನೀನು ಕುರಿ ಅಲ್ಲ. ಆದರೆ ನಿನ್ನ ಲಿವರಿಗೆ ಅದು ಗೊತ್ತಿಲ್ಲ" ಎಂದು ಬೈದು, ಬೆಲ್ಲದ ನೀರು ಕುಡಿಸಿ, ಆಟೋ ಮಾಡಿ ತಾವೇ ಹೆರಿಗೆ ಡಾಕ್ಟ್ರ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಆ ಡಾಕ್ಟ್ರಿಗೂ ಎರಡು ಮಾತು ಪಾಠ ಹೇಳಿದರು. ಮರುದಿನದಿಂದ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ನನ್ನ ಮೇಜಿನ ಮೇಲೆ ಒಂದು ಡಬ್ಬಿ. ಒಮ್ಮೆ ರಾಗಿ ಮಣ್ಣಿ, ಒಮ್ಮೆ ಬಾಳೆಹಣ್ಣು ಕಲಸಿದ ಅವಲಕ್ಕಿ. ತಿಂದು ಮುಗಿಸುವವರೆಗೆ ಎದುರಿನಲ್ಲಿ ಕೂತಿರುತ್ತಿದ್ದರು. ಮಗಳು ಹುಟ್ಟಿದ ಮೇಲೆ ನೋಡಲು ಬಂದವರು ಮಗುವಿನ ತೂಕ ಕೇಳಿ, ಒಪ್ಪಿಗೆಯಾಗಿ ತಲೆದೂಗಿ, ಐದು ನಿಮಿಷದಲ್ಲಿ ಎದ್ದುಹೋದರು. "ಬಾಯಮ್ಮನಿಗೆ ಮಕ್ಕಳನ್ನು ಎತ್ತಿ ಅಭ್ಯಾಸ ಇಲ್ಲ, ಪಾಪ" ಎಂದು ಅತ್ತೆ ಹೇಳಿದರು. ಕ್ರಿಶ್ಚಿಯನ್ ಹೆಂಗಸರೆಲ್ಲ ಅತ್ತೆಗೆ ಬಾಯಮ್ಮ. ಗಂಡ ದೂರ ಇದ್ದ ಆ ತಿಂಗಳುಗಳಲ್ಲಿ ನನ್ನನ್ನು ಗಮನವಿಟ್ಟು ನೋಡಿದವರು ಅವರೊಬ್ಬರೇ.

ಅವರನ್ನು ಯಾರು ನೋಡುತ್ತಿದ್ದರು ಎಂದು ನಾನು ಕೇಳಿಕೊಂಡದ್ದು ಬಹಳ ತಡವಾಗಿ. ಸಂಜೆ ಐದಕ್ಕೆ ನಾವೆಲ್ಲ ಬಸ್ಸಿಗೆ ಓಡುವಾಗ ಅವರು ಮೈಕ್ರೋಸ್ಕೋಪಿನ ಕವರು ತೆಗೆದು ಮತ್ತೆ ಹಾಕುತ್ತಾ ಇರುತ್ತಿದ್ದರು. ಭಾನುವಾರ ಮಧ್ಯಾಹ್ನ ನನಗೆ ಫೋನ್ ಬರುತ್ತಿತ್ತು. "ಆ ಫ್ರಿಜ್ಜಿನ ಸ್ವಿಚ್ ಹಾಕಿ ಬಂದಿದ್ದಿಯಾ?" ಹಾಕಿದ್ದೇನೆ ಎಂದರೆ "ಹಾಂ" ಎನ್ನುತ್ತಿದ್ದರು. ಫೋನ್ ಇಡುತ್ತಿರಲಿಲ್ಲ. ಅವರ ಮನೆಯ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ನಾನು ಮೀನು ತಂದದ್ದು, ಮಗಳ ಜ್ವರ, ಅತ್ತೆಯ ಮಂಡಿನೋವು ಎಲ್ಲ ಹೇಳುತ್ತಿದ್ದೆ. ಅವರು ಕೇಳುತ್ತಿದ್ದರು. "ಸರಿ, ಫ್ರಿಜ್ಜಿನ ವಿಷಯಕ್ಕೇ ಫೋನ್ ಮಾಡಿದ್ದು" ಎಂದು ಕೊನೆಗೆ ಇಡುತ್ತಿದ್ದರು. ವರ್ಷಗಟ್ಟಲೆ ಆ ಫ್ರಿಜ್ಜು ನಮ್ಮಿಬ್ಬರ ನಡುವೆ ಹೀಗೆ ಕೆಲಸ ಮಾಡಿತು.

ಕೊರೋನದ ಎರಡನೆಯ ಅಲೆಯಲ್ಲಿ ಅವರಿಗೆ ಜ್ವರ ಬಂತು. ಆಸ್ಪತ್ರೆಗೆ ಹೋಗುವಷ್ಟು ಆಗಲಿಲ್ಲ. ಬಾಗಿಲು ಹಾಕಿಕೊಂಡು ಹದಿನೈದು ದಿನ ಒಬ್ಬರೇ ಇದ್ದರು. ಗುಣವಾಗಿ ಕೆಲಸಕ್ಕೆ ಬಂದಾಗ ತೆಳ್ಳಗಾಗಿದ್ದರು, ಮತ್ತೇನೂ ವ್ಯತ್ಯಾಸ ಕಾಣಲಿಲ್ಲ. ವಾಸನೆ ಹೋಗಿತ್ತಾ ಎಂದು ಆ ದಿನಗಳಲ್ಲಿ ಎಲ್ಲರೂ ಎಲ್ಲರನ್ನೂ ಕೇಳುತ್ತಿದ್ದೆವು. ಅವರನ್ನೂ ಕೇಳಿದೆ. "ಸ್ವಲ್ಪ ದಿನ ಇರ್ಲಿಲ್ಲ, ಈಗ ಸರಿ ಆಯ್ತು" ಎಂದರು.

ಅದಾಗಿ ಹೆಚ್ಚು ದಿನ ಆಗಿರಲಿಲ್ಲ, ಹಾಜಿಯವರ ಫೋನ್ ಬಂತು. ಇವರು ಗಲ್ಫಿನಲ್ಲಿ ಮೂವತ್ತು ವರ್ಷ ದುಡಿದು ಬಂದು, ಊರ ಹೊರಗೆ ಎತ್ತರದ ಜಾಗದಲ್ಲಿ ಹಲಗೆಯ ಅಟ್ಟಣಿಗೆ ಕಟ್ಟಿಸಿ ಕುರಿ ಸಾಕಲು ಹೊರಟಿದ್ದ ಬ್ಯಾರಿ ಹಿರಿಯರು. ಮಂಗಳೂರಿನಲ್ಲಿ ಕುರಿ ಬದುಕುವುದಿಲ್ಲ ಎಂದವರ ಎದುರು ಬದುಕಿಸಿ ತೋರಿಸಬೇಕೆಂಬ ಹಟ ಅವರಿಗೆ, ಮೇಡಂಗಂತೂ ಅವರ ಫಾರ್ಮು ಎಂದರೆ ಪ್ರಾಣ. ಆರು ಕುರಿಗಳು ಗಬ್ಬವಾಗಿದ್ದವು. ಅವುಗಳಲ್ಲಿ ಒಂದು ಎರಡು ದಿನದಿಂದ ಮೇವು ಬಿಟ್ಟು ಮಲಗಿದೆ ಎಂದು ಫೋನ್ ಮಾಡಿದ್ದರು.

ನಾವು ಹೋದಾಗ ಅದು ಮೂಲೆಯಲ್ಲಿ ತಲೆಯನ್ನು ಪಕ್ಕೆಗೆ ತಿರುಗಿಸಿ ಮಲಗಿತ್ತು.

"ಮೇವು ಎಂತ ಹಾಕ್ತಾ ಇದ್ರಿ?" ಎಂದು ಮೇಡಂ ಕೇಳಿದರು.

"ಬರೀ ಹುಲ್ಲು ಮೇಡಂ. ಹಿಂಡಿ ನಿಲ್ಲಿಸಿ ಒಂದು ತಿಂಗಳಾಯ್ತು" ಎಂದರು ಹಾಜಿಯವರು.

"ನಿಲ್ಲಿಸಿದ್ದಾ? ಎಂತಕ್ಕೆ?"

"ನನ್ನ ಮಗಳಿಗೆ ಬಸುರಿ ಇರುವಾಗ ಶುಗರ್ ಬಂದಿತ್ತು. ಡಾಕ್ಟ್ರು ಸ್ವೀಟು, ಅನ್ನ ಎಲ್ಲ ಕಮ್ಮಿ ಮಾಡ್ಲಿಕ್ಕೆ ಹೇಳಿದ್ರು. ಕಮ್ಮಿ ಮಾಡಿದ್ಳು, ಹೆರಿಗೆ ಸಲೀಸಾಯ್ತು. ಇವು ಸಹ ದಪ್ಪ ಆಗಿದ್ವು ಮೇಡಂ. ಹಾಗೆ ಇವಕ್ಕೂ ಡಯಟ್ ಮಾಡಿಸಿದೆ."

ಅವರು ಹೇಳಿದ್ದು ಪ್ರೀತಿಯಿಂದಲೇ. ಮಗಳಿಗೆ ಮಾಡಿದ್ದನ್ನು ಕುರಿಗೂ ಮಾಡಿದ್ದರು. ಬೇರೆ ದಿನವಾದರೆ ಮೇಡಂ ಅಲ್ಲೇ ಕೂರಿಸಿ ಒಂದು ಗಂಟೆ ಪಾಠ ಮಾಡುತ್ತಿದ್ದರು. ಆ ದಿನ ಸುಮ್ಮನೆ ಕೂತು ಕುರಿಯ ಬಾಯಿಗೆ ಮೂಗು ಒಯ್ದರು. ಮಾಸ್ಕು ಕೆಳಗಿಳಿಸಿ, ಕಣ್ಣು ಮುಚ್ಚಿ, ಎಂದಿಗಿಂತ ದೀರ್ಘವಾಗಿ ಉಸಿರೆಳೆದರು. ಮತ್ತೊಮ್ಮೆ ಎಳೆದರು.

ನಾನು ಎರಡು ಅಡಿ ದೂರದಲ್ಲಿ ನಿಂತಿದ್ದೆ. ನನ್ನ ಮಾಸ್ಕಿನೊಳಗೂ ಆ ವಾಸನೆ ರಪ್ಪೆಂದು ಬಂದಿತ್ತು.

"ಇಲ್ಲ, ಅದಲ್ಲ. ಕ್ಯಾಲ್ಸಿಯಂ ಕಮ್ಮಿ ಆದದ್ದು" ಎಂದರು ಮೇಡಂ.

ಕ್ಯಾಲ್ಸಿಯಂ ಕಡಿಮೆಯಾದರೂ ಗಬ್ಬದ ಕುರಿ ಹೆಚ್ಚುಕಡಿಮೆ ಹೀಗೆಯೇ ಬೀಳುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸುವುದು ವಾಸನೆ, ಇಲ್ಲವೆ ಸ್ಟ್ರಿಪ್. ನಾನು ಚೀಲದಿಂದ ಸ್ಟ್ರಿಪ್ಪಿನ ಡಬ್ಬಿ ತೆಗೆದೆ. ಅವರು ನನ್ನತ್ತ ನೋಡದೆ "ಅದು ಬೇಡ" ಎಂದು ಕೈ ಆಡಿಸಿದರು. ಆಗ ನನಗೆ ಅರ್ಥವಾಯಿತು. ಅವರ ಮೂಗು ಹೋಗಿದೆ, ಹೋಗಿದೆ ಎಂದು ಒಪ್ಪಿಕೊಳ್ಳಲು ಅವರಿಂದ ಆಗುತ್ತಿಲ್ಲ. ಹದಿನೈದು ವರ್ಷ ಅವರ ಮೂಗು ಒಮ್ಮೆಯೂ ತಪ್ಪಿದ್ದಿಲ್ಲ. ಹಾಜಿಯವರ ಎದುರು, ನಾನು ಒಬ್ಬ ಟೆಕ್ನಿಶಿಯನ್, ಮೇಡಂ ನೀವು ಹೇಳಿದ್ದು ಸರಿಯಲ್ಲ ಎಂದು ಹೇಗೆ ಹೇಳಲಿ? ಡಬ್ಬಿಯನ್ನು ಚೀಲಕ್ಕೆ ಹಾಕಿದೆ. ವಾಪಸ್ ಬರುವ ದಾರಿಯಲ್ಲಾದರೂ ಹೇಳಬಹುದಿತ್ತು. ಕ್ಯಾಲ್ಸಿಯಂ ಕೊಟ್ಟ ಮೇಲೆ ಕುರಿ ಸ್ವಲ್ಪ ತಲೆಯೆತ್ತಿತ್ತು, ಅದನ್ನೇ ನೆಪ ಮಾಡಿಕೊಂಡು ಬಾಯಿ ಮುಚ್ಚಿ ಕೂತೆ.

ಮರುದಿನ ಬೆಳಿಗ್ಗೆ ಅದು ಸತ್ತಿತು. ಮೇಡಂ ಹೋಗಿ ಕೊಯ್ದು ನೋಡಿದರು. ಹೊಟ್ಟೆಯಲ್ಲಿ ಎರಡು ಮರಿ. ಲಿವರ್ ಅರಸಿನ ಬಣ್ಣಕ್ಕೆ ತಿರುಗಿ, ಬೆರಳು ತಾಗಿದಲ್ಲಿ ಪುಡಿಯಾಗುತ್ತಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದರು. ಮಲಗಿದ ಮೇಲೆ ಇಂಥ ಕುರಿ ಉಳಿಯುವುದು ಅಪರೂಪ ಎಂದು ಅವರೇ ನನಗೆ ಕಲಿಸಿದ್ದರು, ನಾವು ಸರಿಯಾಗಿ ಹಿಡಿದಿದ್ದರೂ ಸಾಯುತ್ತಿತ್ತೇನೋ. ಅವರು ಆ ಮಾತು ಎತ್ತಲಿಲ್ಲ. "ಹಾಜಿಯವರೇ, ನಿನ್ನೆ ನಾನು ಹೇಳಿದ್ದು ತಪ್ಪು. ತಪ್ಪು ನಂದು" ಎಂದರು. ಆಮೇಲೆ ಉಳಿದ ಐದು ಕುರಿಗಳನ್ನೂ ಸ್ಟ್ರಿಪ್ಪಿನಲ್ಲಿ ನೋಡಿದರು. ಜೋಳದ ನುಚ್ಚು, ಹಿಂಡಿ, ಬೆಲ್ಲ ಎಷ್ಟೆಷ್ಟು, ದಿನಕ್ಕೆ ಎಷ್ಟು ಸಲ ಎಂದು ಬರೆದುಕೊಟ್ಟರು. ಆ ಐದೂ ಉಳಿದವು.

ಹಾಜಿಯವರು ಹಿಂಡಿ ತರಿಸಲು ಹೋದಾಗ ನಾವಿಬ್ಬರೂ ಬಾವಿಕಟ್ಟೆಯಲ್ಲಿ ಕೈ ತೊಳೆಯುತ್ತಿದ್ದೆವು. ಮೇಡಂ ಸಾಬೂನು ಉಜ್ಜುತ್ತಾ ನನ್ನನ್ನು ನೋಡದೆ ಕೇಳಿದರು. "ನಿನ್ನೆ ನಿನಗೆ ವಾಸನೆ ಬಂದಿತ್ತಾ?"

"ಇಲ್ಲ ಮೇಡಂ" ಎಂದೆ.

"ಬರ್ಲಿಲ್ವಾ?"

"ಇಲ್ಲ."

ಎರಡು ಸಲ ತಲೆದೂಗಿದರು. ನಾನು ನೀರು ಹೊಯ್ದೆ. ನನಗೂ ಬರಲಿಲ್ಲ ಎಂದರೆ ಅವರ ಮೂಗಿನ ತಪ್ಪಲ್ಲ ಎಂದಾಗುತ್ತದೆ, ಮನಸ್ಸಿಗೆ ಸಮಾಧಾನವಾಗುತ್ತದೆ ಎಂದು ನನ್ನ ಲೆಕ್ಕ. ಒಳ್ಳೆಯ ಕೆಲಸ ಮಾಡಿದೆ ಎಂದೇ ನಂಬಿ ಮನೆಗೆ ಹೋದೆ.

ಆಮೇಲಿನ ಎರಡು ವರ್ಷ ಅವರು ನಿಯಮಕ್ಕೆ ಸರಿಯಾಗಿ ಎಲ್ಲದಕ್ಕೂ ಸ್ಟ್ರಿಪ್ ಹಾಕಿದರು, ಯಾವ ಕುರಿಯನ್ನೂ ಮೂಸಲಿಲ್ಲ. ಹೊರಗೆ ಹೋಗುವುದಿದ್ದರೆ ನನ್ನನ್ನು ಬಿಟ್ಟು ಅಟೆಂಡರನ್ನು ಕರೆದುಕೊಂಡು ಹೋಗುತ್ತಿದ್ದರು. ಗ್ಯಾಸ್ ಸಿಲಿಂಡರ್ ಎತ್ತಲು ಆಗುವುದಿಲ್ಲ ಎಂದು ಕರೆಂಟಿನ ಒಲೆ ತಂದರಂತೆ. ಗ್ಯಾಸ್ ಸೋರಿದರೆ ತಿಳಿಯುವುದಿಲ್ಲ ಎಂಬ ಹೆದರಿಕೆ ಅದು ಎಂದು ನನಗೆ ಗೊತ್ತಿತ್ತು. ಒಂದು ಮಧ್ಯಾಹ್ನ ಅವರು ಊಟದ ಡಬ್ಬಿ ತೆರೆದಾಗ ಬಂಗುಡೆ ಸಾರು ಹಳಸಿದ ವಾಸನೆ ನನ್ನ ಮೇಜಿನವರೆಗೆ ಬಂತು. ಅವರು ಅನ್ನಕ್ಕೆ ಕಲಸಿ ತುತ್ತು ಎತ್ತುವುದರಲ್ಲಿದ್ದರು. ನಾನು ಎದ್ದುಹೋಗಿ ಫೈಲು ತೆಗೆಯುವವಳಂತೆ ಮೊಣಕೈಯಿಂದ ಡಬ್ಬಿ ಬೀಳಿಸಿದೆ. "ಕಣ್ಣು ಕಾಣೂದಿಲ್ವಾ ನಿನಗೆ?" ಎಂದು ಬೈದರು. ಕ್ಷಮಿಸಿ ಎಂದು ನೆಲ ಒರೆಸಿದೆ. ಹಳಸಿದೆ ಮೇಡಂ ಎನ್ನುವ ಎರಡು ಪದ ನನ್ನ ಬಾಯಿಯಿಂದ ಬರಲಿಲ್ಲ. ಸುಳ್ಳು ಹೇಳುವುದಕ್ಕಿಂತ ಅದನ್ನು ಸಾಕುವುದು ಕಷ್ಟ, ಆ ದಿನ ನೆಲ ಒರೆಸುವಾಗ ಗೊತ್ತಾಯಿತು. ಭಾನುವಾರದ ಫೋನು ಅಷ್ಟರಲ್ಲಿ ನಿಂತುಹೋಗಿತ್ತು.

ನಿವೃತ್ತಿಯ ದಿನ ಬೇಡ ಬೇಡ ಎಂದರೂ ಒಂದು ಸಣ್ಣ ಕಾರ್ಯಕ್ರಮ ಮಾಡಿದೆವು. ಶಾಲು, ಹಣ್ಣು, ಒಂದು ಚೆಂಡು ಮಲ್ಲಿಗೆ. ಮಲ್ಲಿಗೆಯನ್ನು ಕೈಯಲ್ಲಿ ತೆಗೆದುಕೊಂಡವರು ಅಭ್ಯಾಸಬಲದಿಂದ ಮೂಗಿನ ಹತ್ತಿರ ಒಯ್ದರು. ಎಲ್ಲರೂ ನೋಡುತ್ತಿದ್ದರು. "ಒಳ್ಳೆ ಪರಿಮಳ" ಎಂದು ನಕ್ಕರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಸಾಲಿನಿಂದ ಎದ್ದು ಹೊರಗೆ ಹೋಗಿ ನಿಂತೆ.

ಅಲ್ಲಿಂದ ಮುಂದೆ ಎರಡು ವರ್ಷದಲ್ಲಿ ನಾನು ಅವರ ಮನೆಗೆ ಹೋದದ್ದು ಎರಡೇ ಸಲ. ಮಣ್ಣಗುಡ್ಡದಿಂದ ಜೆಪ್ಪುವಿಗೆ ಅಂಥ ದೂರವೇನಿಲ್ಲ. ಹೋಗಲು ನಾಚಿಕೆಯಾಗುತ್ತಿತ್ತು, ಅಷ್ಟೇ ನಿಜ. ಎರಡನೆಯ ಸಲ, ಮೇಡಂಗೆ ಹೊಟ್ಟೆಯಲ್ಲಿ ಗಡ್ಡೆ, ಆಪರೇಶನ್ ಬೇಡ ಎಂದಿದ್ದಾರೆ ಎಂದು ಯಾರೋ ಹೇಳಿದ ಮೇಲೆ ಓಡಿಹೋದೆ. ಬಾಗಿಲು ತೆರೆದವಳು ಹೋಂ ನರ್ಸ್. ಮೇಡಂ ಕಿಟಕಿಯ ಹತ್ತಿರ ಒರಗುಕುರ್ಚಿಯಲ್ಲಿದ್ದರು. ತೋಳು ನನ್ನ ಮಗಳ ತೋಳಿಗಿಂತ ಸಪೂರವಾಗಿತ್ತು. ಮಸ್ಕತ್ತಿನಿಂದ ಟಿಕೆಟ್ ಸಿಕ್ಕಿದರೆ ಅಕ್ಕ ಬರುತ್ತಾಳೆ ಎಂದರು. ಮಗಳು ಎಷ್ಟನೇ ಕ್ಲಾಸು ಎಂದು ಕೇಳಿದರು. ಹಾಜಿಯವರ ಕುರಿಗಳು ಈಗ ಮೂವತ್ತಾಗಿವೆ ಎಂದು ನಾನು ಹೇಳಿದೆ. ಹೆಸರು ಬಾಯಿಗೆ ಬಂದದ್ದೇ ಧೈರ್ಯ ಮಾಡಿದೆ.

"ಮೇಡಂ, ಆ ದಿನ ಹಾಜಿಯವರ ಕುರಿಗೆ ವಾಸನೆ ಇತ್ತು. ನನಗೆ ಬಂದಿತ್ತು. ನಿಮ್ಮ ಹತ್ರ ಸುಳ್ಳು ಹೇಳಿದೆ."

"ಗೊತ್ತುಂಟು" ಎಂದರು. "ಆ ಲಿವರ್ ನೋಡಿದ ಮೇಲೂ ಗೊತ್ತಾಗದಿದ್ರೆ ನಾನೆಂತ ಡಾಕ್ಟ್ರು?"

"ಗೊತ್ತಿದ್ರೆ ಮತ್ತೆ ನನ್ನತ್ರ ಯಾಕೆ ಕೇಳಿದ್ರಿ?"

ಅವರು ಸ್ವಲ್ಪ ಹೊತ್ತು ಉಸಿರು ಹೊಂದಿಸಿಕೊಂಡರು. ಒಂದೊಂದು ಮಾತಿಗೂ ಈಗ ಅವರಿಗೆ ವಿಶ್ರಾಂತಿ ಬೇಕಿತ್ತು.

"ಕುರಿದು ಕೇಳಿದ್ದಲ್ಲ ಮಾರಾಯ್ತಿ. ನನಗೆ ಜ್ವರ ಬಿಟ್ಟಾಗಿಂದ ಎಂತದೂ ವಾಸನೆ ಬರ್ತಿರ್ಲಿಲ್ಲ. ಒಬ್ಬರಿಗಾದ್ರೂ ಹೇಳ್ಬೇಕು ಅಂತ ಇತ್ತು. ಹೇಗೆ ಸುರು ಮಾಡೂದು ಅಂತ ಗೊತ್ತಾಗ್ಲಿಲ್ಲ. ನಿನಗೆ ಬಂದಿತ್ತು ಅಂತ ನೀನು ಹೇಳ್ತಿದ್ರೆ, ನನಗೆ ಬರ್ಲಿಲ್ಲ ಅಂತ ನಾನು ಹೇಳ್ತಿದ್ದೆ. ನೀನು ಇಲ್ಲ ಅಂದೆ."

ಅವರ ಮರ್ಯಾದೆ ಉಳಿಸಿದ್ದೇನೆ ಎಂದುಕೊಂಡು ನಾನು ಅವರ ಬಾಯಿ ಮುಚ್ಚಿಸಿದ್ದೆ. ಹೋಂ ನರ್ಸ್ ಒಳಗೆ ಪಾತ್ರೆ ತೊಳೆಯುತ್ತಿದ್ದಳು. "ಮತ್ತೆ ಯಾರಿಗೆ ಹೇಳಿದ್ರಿ ಮೇಡಂ?" ಎಂದು ಕೇಳಿದೆ.

"ಈಗ ನಿನಗೆ ಹೇಳಿದೆ ಅಲ್ವಾ" ಎಂದರು.